ಕೂಲೆಂಟ್ ಆರಿಸುವುದು ಮೂಗಿನ ಕೆಲಸ

ಪೀಣ್ಯದ ನಮ್ಮ ಮಷಿನ್ ಶಾಪ್‌ನಲ್ಲಿ ಸೋಮವಾರ ಬೆಳಗ್ಗೆ ಶಟರ್ ಎತ್ತಿದವರು ಒಳಗೆ ಬರುವುದಿಲ್ಲ. ಎತ್ತಿಟ್ಟು ಸೀದಾ ಟೀ ಕುಡಿಯಲು ಹೋಗುತ್ತಾರೆ. ಜಾಬ್ ಅಂದರೆ ಲೋಹದ ತುಂಡು ಕಟ್ ಮಾಡುವಾಗ ಬಿಸಿ ಏರದಂತೆ ಟೂಲ್ ಮೇಲೆ ಸುರಿಯುವ ಎಣ್ಣೆ ಬೆರೆತ ನೀರೇ ಕೂಲೆಂಟ್. ಭಾನುವಾರ ಅದರ ಪಂಪ್ ನಿಂತಿರುತ್ತದೆ ನೋಡಿ, ಮಷಿನ್‌ನ ಜಾರುವ ಭಾಗಗಳಿಗೆ ಹಾಕುವ ಸ್ಲೈಡ್‌ವೇ ಆಯಿಲ್ ಸೋರಿ ಕೂಲೆಂಟ್ ಮೇಲೆ ಪದರ ಕಟ್ಟಿ ಗಾಳಿಯಾಡದ ಹಾಗೆ ಮಾಡುತ್ತದೆ. ಗಾಳಿ ಬೇಡದ ಬ್ಯಾಕ್ಟೀರಿಯಾಗಳಿಗೆ ಅವತ್ತು ಹಬ್ಬ. ಅವು ಬಿಡುವ ಹೈಡ್ರೋಜನ್ ಸಲ್ಫೈಡ್ ಅಂದರೆ ಕೊಳೆತ ಮೊಟ್ಟೆಯ ವಾಸನೆ. ಪಕ್ಕದ ಪೌಡರ್ ಕೋಟಿಂಗ್ ಶೆಡ್‌ನವರು ಬಂದು ದೂರು ಕೊಟ್ಟ ಮೇಲೆ ಕೂಲೆಂಟ್ ಬದಲಿಸೋಣ ಅಂತಾಯಿತು.

"ಸುಮ್ನೆ ನೀರು ಬಿಟ್ರೆ ಸಾಕಾಗಲ್ವಾ?" ಅಂದರು ಓನರ್.

ನಗಬೇಡಿ. ಅಮೆರಿಕದ ಫ್ರೆಡರಿಕ್ ಟೇಲರ್ 1880ರ ದಶಕದಲ್ಲಿ ಟೂಲ್ ಮೇಲೆ ಧಾರಾಳವಾಗಿ ನೀರು ಬಿಟ್ಟೇ ಕಟಿಂಗ್ ಸ್ಪೀಡ್ ಸುಮಾರು 40 ಪರ್ಸೆಂಟ್ ಏರಿಸಿದ್ದ. ಆದರೆ ತುಕ್ಕು ಹಿಡಿಯಬಾರದು ಅಂತ ಅವನೂ ನೀರಿಗೆ ವಾಷಿಂಗ್ ಸೋಡಾ ಬೆರೆಸಿದ್ದ.

ಅಂತೂ ಸೇಲ್ಸ್‌ನವರು ಬಂದರು. "ಸೆಮಿ ಸಿಂಥೆಟಿಕ್ ಸಾರ್. ವಾಸನೆ ಬರಲ್ಲ, ತುಕ್ಕು ಹಿಡಿಯಲ್ಲ, ಕೈ ಕಡಿಯಲ್ಲ, ಅಲ್ಯೂಮಿನಿಯಂ ಕಪ್ಪಾಗಲ್ಲ."

"ಜಾಬ್ ಕಟ್ ಆಗುತ್ತಾ?" ಕೇಳಿದರು ನಮ್ಮ ಹಳೇ ಟರ್ನರ್.

ಓನರ್ ಕಣ್ಣು ಇನ್ನೊಂದು ಅಗ್ಗದ ಕ್ಯಾನ್ ಮೇಲಿತ್ತು. ಅದನ್ನು ನೀರಿಗೆ 8 ಪರ್ಸೆಂಟ್ ಬೆರೆಸಬೇಕು, ಸೇಲ್ಸ್‌ನವರದು 5ಕ್ಕೆ ಸಾಕು. ನಮ್ಮ 200 ಲೀಟರ್ ಟ್ಯಾಂಕಿಗೆ 16 ಲೀಟರ್ ಬೇಕೋ 10 ಬೇಕೋ ಅಂತ ಲೆಕ್ಕ ಹಾಕಿ ತೋರಿಸಿದ ಮೇಲೆ ಕ್ಯಾಲ್ಕ್ಯುಲೇಟರ್ ಜೇಬಿಗೆ ಹೋಯಿತು.

ಕೂಲೆಂಟ್ ಆರಿಸಿಯಾಯಿತು. ನೀರು ಆರಿಸಬೇಕು ಅಂತ ಯಾರಿಗೆ ಗೊತ್ತಿತ್ತು? ಮೊದಲು ಬೋರ್‌ವೆಲ್ ನೀರು ತುಂಬಿದೆವು. ನೀರಿಗೇ ಆಯಿಲ್ ಹಾಕಬೇಕು, ಆಯಿಲ್‌ಗೆ ನೀರು ಹಾಕಬಾರದು ಅನ್ನೋ ಶಾಸ್ತ್ರವನ್ನೂ ಪಾಲಿಸಿದೆವು. ಆದರೂ ಆ ಗಡಸು ನೀರಿನ ಕ್ಯಾಲ್ಸಿಯಂಗೆ ಅದು ಒಡೆದ ಹಾಲಿನಂತಾಗಿ, ಜಿಡ್ಡು ಬಂದು ನಾಝಲ್‌ಗಳೆಲ್ಲ ಕಟ್ಟಿದವು. ಸರಿ, ಎಲ್ಲ ಖಾಲಿ ಮಾಡಿ ಆರ್‌ಓ ನೀರು ತರಿಸಿದೆವು.

ಮೆದು ನೀರಿಗೆ ನೊರೆ ಜಾಸ್ತಿ. ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ವಿಎಂಸಿ ಅನ್ನೋ ಮಿಲ್ಲಿಂಗ್ ಮಷಿನ್ ಬಾಗಿಲಿನ ಸಂದಿಯಿಂದ ಬೆಳ್ಳಗೆ ನೊರೆ ಇಳಿಯುತ್ತಿತ್ತು. ಗಾಜಿನ ಹಿಂದೆ ಸ್ಪಿಂಡಲ್ ಇಲ್ಲ, ವೈಸ್ ಇಲ್ಲ, ಜಾಬೂ ಇಲ್ಲ. ಎಲ್ಲೋ ಒಳಗಿಂದ ಎಂಡ್‌ಮಿಲ್ ಸದ್ದು ಮಾತ್ರ. ಹೊಸದಾಗಿ ಸೇರಿದ ಹುಡುಗ ಚಿಪ್ ಎಳೆಯೋ ಕಡ್ಡಿ ಹಿಡಿದು ನೊರೆ ಒಡೆಯುತ್ತಿದ್ದ. ನೆಲದ ಮೇಲೆ ಓಡುತ್ತಿದ್ದ ನೊರೆಯನ್ನು ಓನರ್ ತಮ್ಮ ಚಪ್ಪಲಿಯಲ್ಲೇ ತಡೆದರು.

ಆಮೇಲೆ ಎರಡೂ ನೀರು ಬೆರೆಸಿ ರಾಜಿ ಮಾಡಿಸಿದೆವು. ಕೂಲೆಂಟ್ ಎಷ್ಟು ಪರ್ಸೆಂಟ್ ಇದೆ ಅಂತ ತೋರಿಸುವ ರಿಫ್ರ್ಯಾಕ್ಟೋಮೀಟರನ್ನು ಬೆಳಕಿಗೆ ಹಿಡಿದು ದಿನಾ ನೋಡಿ ಬರೆಯುವ ಕೆಲಸ ನನ್ನ ಕುತ್ತಿಗೆಗೆ ಬಿತ್ತು. ಇಷ್ಟೆಲ್ಲ ನೋಡಿದ ಟರ್ನರ್ ಓನರ್‌ಗೆ ಒಂದು ಸಲಹೆ ಕೊಟ್ಟರು.

"ಇನ್ಮೇಲೆ ಬರೀ ಕಾಸ್ಟ್ ಐರನ್ ಆರ್ಡರ್ ಹಿಡೀರಿ ಸಾರ್. ಅದನ್ನ ಡ್ರೈ ಹೊಡೀಬಹುದು, ಕೂಲೆಂಟೇ ಬೇಡ."

"ಆ ಕರಿ ಪುಡಿ ಎಲ್ಲಾ ಮೂಗೊಳಗೆ ಹೋಗುತ್ತಲ್ಲಪ್ಪ!"

"ಹೋಗ್ಲಿ ಬಿಡಿ ಸಾರ್. ವಾಸನೆ ಇಲ್ವಲ್ಲ."