ಫೋಟೋ ನೋಡಿ ರೋಮನ್ ನಾಣ್ಯ ಕೊಳ್ಳೋರಿಗೆ ಒಂದಿಷ್ಟು

ಆನ್‌ಲೈನ್ ಹರಾಜಲ್ಲಿ ಕಂಡ ರೋಮನ್ ನಾಣ್ಯದ ಸ್ಕ್ರೀನ್‌ಶಾಟ್ ಕಳಿಸಿ "ಇದು ಅಸಲಿನಾ ನಕಲಿನಾ ಬೇಗ ಹೇಳಿ, ಇನ್ನು ಹತ್ತೇ ನಿಮಿಷ ಇದೆ" ಅಂತ ಕೇಳೋರು ಇತ್ತೀಚೆಗೆ ಜಾಸ್ತಿ ಆಗಿದ್ದಾರೆ. ಹತ್ತು ನಿಮಿಷ ಉಳಿದಾಗ ಕೇಳ್ತಿದ್ದೀರಿ ಅಂದ್ರೆ ನನ್ನ ಉತ್ತರ ಒಂದೇ, ಬಿಡ್ ಮಾಡ್ಬೇಡಿ. ಎರಡು ಸಾವಿರ ವರ್ಷ ಮಣ್ಣಲ್ಲಿ ಬಿದ್ದಿದ್ದ ಮಾಲು, ಅದೇ ತರದ್ದು ಇನ್ನೊಂದು ಮುಂದಿನ ತಿಂಗಳೂ ಬರುತ್ತೆ.

ಇದರ ಬಗ್ಗೆ ಓಡಾಡೋ ಟಿಪ್ಸ್ ನೋಡಿದ್ರೆ ನಗು ಬರುತ್ತೆ. ಮ್ಯಾಗ್ನೆಟ್ ಹಿಡೀರಿ, ಟೇಬಲ್ ಮೇಲೆ ಹಾಕಿ ಸದ್ದು ಕೇಳಿ, ಅಂತ. ಅಲ್ಲಾ ಸ್ವಾಮಿ, ನಾಣ್ಯ ಇರೋದು ಇನ್ಯಾವುದೋ ದೇಶದಲ್ಲಿ ಯಾರದೋ ಡ್ರಾಯರ್‌ನಲ್ಲಿ, ನಿಮ್ಮ ಕೈಲಿರೋದು ಫೋನು, ಮ್ಯಾಗ್ನೆಟ್ ಎಲ್ಲಿ ಹಿಡೀತೀರಿ? ಕೈಗೆ ಬಂದ ಮೇಲೂ ಅದರಿಂದ ದೊಡ್ಡ ಉಪಯೋಗ ಇಲ್ಲ. ನಕಲಿ ಮಾಡೋನು ಕಬ್ಬಿಣದಲ್ಲೇ ಮಾಡ್ತಾನೆ ಅಂತ ಯಾರು ಹೇಳಿದ್ದು, ಒಳ್ಳೇ ನಕಲಿ ಬೆಳ್ಳಿಯಲ್ಲೇ ಇರುತ್ತೆ, ಕಂಚಲ್ಲೇ ಇರುತ್ತೆ. ಸದ್ದಿನ ವಿಷಯಾನೂ ಅಷ್ಟೇ, ಹಳೇ ಬೆಳ್ಳಿ ಶತಮಾನಗಟ್ಟಲೆ ನೆಲದಲ್ಲಿದ್ದು ಒಳಗೊಳಗೇ ಹರಳುಗಟ್ಟಿ ಪೆಡಸಾಗಿರುತ್ತೆ, ಅಸಲಿ ನಾಣ್ಯಾನೇ ಡಬ್ ಅಂತ ಸದ್ದು ಮಾಡಬಹುದು, ಜೋರಾಗಿ ಕುಕ್ಕಿದ್ರೆ ಮುರಿದೂ ಹೋಗಬಹುದು.

ಹಂಗಾಗಿ ಬಿಡ್ ಮಾಡೋ ಮುಂಚೆ ನಿಮ್ಮ ಹತ್ರ ಇರೋದು ಮೂರೇ, ಮಾರೋನು ಯಾರು ಅನ್ನೋದು, ಫೋಟೋ, ಮತ್ತೆ ಅವನು ಬರೆದಿದ್ರೆ ತೂಕ ಅಳತೆ. ಎಲ್ಲರೂ ಮೊದಲು ನಾಣ್ಯದ ಫೋಟೋನೇ ಝೂಮ್ ಮಾಡ್ಕೊಂಡು ಕೂತ್ಕೋತಾರೆ. ನನ್ನ ಪ್ರಕಾರ ಅದು ಕೊನೇಗೆ ಮಾಡೋ ಕೆಲಸ. ಮೊದಲು ಮಾರೋನು, ಆಮೇಲೆ ಆ ನಾಣ್ಯಕ್ಕೆ ಅವಳಿ ಜವಳಿ ಎಲ್ಲಾದ್ರೂ ಇದ್ಯಾ ಅಂತ ಹುಡುಕೋದು, ಆಮೇಲೆ ನಾಣ್ಯ.

ಮಾರೋನ ಬಗ್ಗೆ ಹೇಳ್ಬೇಕಂದ್ರೆ, ನೂರಕ್ಕೆ ನೂರು ಪಾಸಿಟಿವ್ ಫೀಡ್‌ಬ್ಯಾಕ್ ಇದೆ ಅಂತ ನಂಬೋರು ಒಂದು ವಿಷಯ ಯೋಚನೆ ಮಾಡಲ್ಲ. ಫೀಡ್‌ಬ್ಯಾಕ್ ಕೊಡೋದು ಪಾರ್ಸೆಲ್ ಬಂದ ದಿನ. ಬೇಗ ಬಂತು, ಪ್ಯಾಕಿಂಗ್ ಚೆನ್ನಾಗಿತ್ತು, ಐದು ಸ್ಟಾರ್. ಕೊಂಡಿದ್ದು ನಕಲಿ ಅಂತ ಗೊತ್ತಾಗೋದು, ಗೊತ್ತಾದ್ರೆ, ಎಷ್ಟೋ ವರ್ಷದ ಮೇಲೆ, ಅಷ್ಟರಲ್ಲಿ ಫೀಡ್‌ಬ್ಯಾಕ್ ಬದಲಾಯಿಸೋ ಅವಕಾಶಾನೂ ಮುಗಿದಿರುತ್ತೆ. ಅಂದ್ರೆ ಆ ಸ್ಟಾರುಗಳು ಹೇಳೋದು ಅವನು ಅಂಚೆಗೆ ಸರಿಯಾಗಿ ಹಾಕ್ತಾನೆ ಅನ್ನೋದನ್ನ ಮಾತ್ರ. ಅದರ ಬದಲು ಅವನು ಈ ಹಿಂದೆ ಏನೇನು ಮಾರಿದ್ದಾನೆ ತೆಗೆದು ನೋಡಿ. ಒಂದೇ ತಿಂಗಳಲ್ಲಿ ಜೂಲಿಯಸ್ ಸೀಸರ್, ಬ್ರೂಟಸ್, ಕ್ಯಾಲಿಗುಲಾ, ಓಥೋ ಅಂತ ಬೇಡಿಕೆ ಇರೋ ಹೆಸರುಗಳ ನಾಣ್ಯ ಎಲ್ಲಾ ಲೈನಾಗಿ, ಎಲ್ಲದರ ಬಣ್ಣವೂ ಒಂದೇ, ಎಲ್ಲವೂ ಸವೆತವೇ ಇಲ್ಲದ ಹಾಗೆ, ಆದ್ರೆ ಆರಂಭದ ಬೆಲೆ ಮಾತ್ರ ಚಿಲ್ಲರೆ ಕಾಸು. ಇಂಥಾ ಅದೃಷ್ಟ ಪ್ರಪಂಚದ ದೊಡ್ಡ ಮ್ಯೂಸಿಯಮ್‌ಗಳಿಗೂ ಇಲ್ಲ. ಜೊತೆಗೆ "ನನಗೆ ನಾಣ್ಯದ ಬಗ್ಗೆ ಏನೂ ಗೊತ್ತಿಲ್ಲ, ತಾತನ ಪೆಟ್ಟಿಗೇಲಿ ಸಿಕ್ತು, ಫೋಟೋ ನೋಡಿ ನೀವೇ ತೀರ್ಮಾನ ಮಾಡಿ, ವಾಪಸ್ ಇಲ್ಲ" ಅನ್ನೋ ಸಾಲು. ಗೊತ್ತಿಲ್ಲದೋನು ಯಾವ ನಾಣ್ಯಕ್ಕೆ ಬೇಡಿಕೆ ಇದೆ ಅಂತ ಮಾತ್ರ ಅಷ್ಟು ಕರೆಕ್ಟಾಗಿ ಹೆಂಗೆ ಗೊತ್ತು ಮಾಡ್ಕೊಂಡ? ಬಿಡ್ ಮಾಡಿದೋರ ಹೆಸರು ಮುಚ್ಚಿಟ್ಟಿದ್ರೆ ಇನ್ನೂ ಹುಷಾರಾಗಿರಿ, ಯಾರಾದ್ರೂ ತಿಳಿದೋರು ಕೊಳ್ಳೋನಿಗೆ ಮೆಸೇಜ್ ಮಾಡಿ ಎಚ್ಚರಿಸೋಕೂ ದಾರಿ ಇರಲ್ಲ. ನೆಟ್ಟಗೆ ವ್ಯಾಪಾರ ಮಾಡೋ ಡೀಲರುಗಳು ನಾಣ್ಯ ನಕಲಿ ಅಂತ ಸಾಬೀತಾದ್ರೆ ಎಷ್ಟು ವರ್ಷ ಆದ್ಮೇಲಾದ್ರೂ ದುಡ್ಡು ವಾಪಸ್ ಅಂತ ಬರ್ದೇ ಕೊಡ್ತಾರೆ. ಅವರ ಹತ್ರ ಸ್ವಲ್ಪ ಜಾಸ್ತಿ ಕೊಟ್ರೂ ಅದು ನಷ್ಟ ಅಲ್ಲ.

ಈಗ ಅವಳಿ ಜವಳಿ ವಿಷಯ, ನನಗೆ ಅತೀ ಇಷ್ಟವಾದ ಭಾಗ ಇದು. ರೋಮನ್ನರು ನಾಣ್ಯ ಮಾಡ್ತಿದ್ದಿದ್ದು ಕೈಯಲ್ಲಿ. ಕೆಳಗೊಂದು ಕೆತ್ತಿದ ಅಚ್ಚು, ಮೇಲೊಂದು ಅಚ್ಚು, ಮಧ್ಯ ಲೋಹದ ಬಿಲ್ಲೆ, ಮೇಲಿಂದ ಸುತ್ತಿಗೆ ಏಟು. ಬಿಲ್ಲೆ ಒಂದು ಸಲ ಎಡಕ್ಕೆ ಸರಿದಿರುತ್ತೆ, ಇನ್ನೊಂದು ಸಲ ಬಲಕ್ಕೆ, ಒಂದರ ಅಂಚು ಸೀಳಿರುತ್ತೆ, ಒಂದರಲ್ಲಿ ಅಕ್ಷರ ಅರ್ಧ ಹೊರಗೆ ಹೋಗಿರುತ್ತೆ. ಹಂಗಾಗಿ ಒಂದೇ ಅಚ್ಚಿನ ಎರಡು ಅಸಲಿ ನಾಣ್ಯ ಸಿಕ್ಕಿದ್ರೆ ಕೆತ್ತನೆ ಒಂದೇ ಇರುತ್ತೆ, ಆದ್ರೆ ಆಕಾರ, ಸೀಳು, ಸವೆತ, ಗೀರು ಯಾವುದೂ ಒಂದೇ ಇರಲ್ಲ. ನಕಲಿ ಮಾಡೋನು ಒಂದು ಅಸಲಿ ನಾಣ್ಯವನ್ನ ತಾಯಿ ಮಾಡ್ಕೊಂಡು ಅದರಿಂದ ಅಚ್ಚು ತೆಗೀತಾನೆ, ಆ ತಾಯಿಯ ಮೂಗಿನ ಮೇಲಿದ್ದ ಗೀರು, ಕೆನ್ನೆಯ ಸವೆತ, ಕಿವಿ ಹತ್ರದ ಸಣ್ಣ ಗುಂಡಿ ಎಲ್ಲಾ ಮಕ್ಕಳಿಗೂ ಬರುತ್ತೆ. ಯಾವುದೋ ಹಳ್ಳಿಯ ಹೊಲದಲ್ಲಿ ಹೂತಿದ್ದ ನಾಣ್ಯಕ್ಕೂ ನೂರಾರು ಮೈಲಿ ದೂರದಲ್ಲಿ ಸಿಕ್ಕ ನಾಣ್ಯಕ್ಕೂ ಒಂದೇ ಜಾಗದಲ್ಲಿ ಒಂದೇ ತರ ಗೀರು ಬೀಳೋಕೆ ಸಾಧ್ಯಾನೇ ಇಲ್ಲ. ಅಂಥಾ ಜೋಡಿ ಸಿಕ್ತು ಅಂದ್ರೆ ಕೇಸ್ ಕ್ಲೋಸ್, ಮ್ಯಾಗ್ನೆಟ್ ಬೇಡ, ತಕ್ಕಡಿ ಬೇಡ.

ಹುಡುಕೋದು ಎಲ್ಲಿ ಅಂದ್ರೆ, ಮೊದಲು ಅದೇ ಸೆಲ್ಲರ್‌ನ ಹಳೇ ಲಿಸ್ಟಿಂಗ್‌ಗಳು, ಸೋಮಾರಿಗಳು ಅಲ್ಲೇ ಸಿಕ್ಕಿಬೀಳ್ತಾರೆ. ಆಮೇಲೆ ಹಳೇ ಹರಾಜುಗಳ ಫೋಟೋ ಇಟ್ಟಿರೋ ಎಸಿಸರ್ಚ್, ಕಾಯಿನ್ ಆರ್ಕೈವ್ಸ್ ತರದ ಸಂಗ್ರಹಗಳು. ಸಾಮ್ರಾಜ್ಯ ಕಾಲದ ನಾಣ್ಯ ಆದ್ರೆ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ನಡೆಸೋ ಓಕ್ರೆ ಅನ್ನೋ ಡೇಟಾಬೇಸ್ ಪುಕ್ಕಟೆ ಇದೆ, ಮ್ಯೂಸಿಯಮ್‌ಗಳಲ್ಲಿರೋ ನಾಣ್ಯಗಳ ಚಿತ್ರ ಸಮೇತ. ಚಕ್ರವರ್ತಿಗಳಿಗೆ ಮುಂಚಿನ ಗಣರಾಜ್ಯ ಕಾಲಕ್ಕೂ ಅಂಥದ್ದೇ ಇನ್ನೊಂದಿದೆ. ಒಂದು ಅರ್ಧ ಗಂಟೆ ಇಲ್ಲಿ ಕಳೆದ್ರೆ ಆ ಮಾದರಿಯ ಮುಖ ಹೆಂಗಿರುತ್ತೆ ಅಂತ ಕಣ್ಣಿಗೆ ರೂಢಿ ಆಗುತ್ತೆ, ಆಮೇಲೆ ನಕಲಿ ಚಕ್ರವರ್ತಿಯ ಮುಖ ನೋಡಿದ ತಕ್ಷಣ ಏನೋ ಸರಿ ಇಲ್ಲ ಅನ್ಸುತ್ತೆ. ಒಂದು ಎಚ್ಚರಿಕೆ, ಜೋಡಿ ಸಿಗಲಿಲ್ಲ ಅಂದ ಮಾತ್ರಕ್ಕೆ ಅಸಲಿ ಅಂತಲ್ಲ. ಬುದ್ಧಿವಂತ ನಕಲಿಗಾರರು ಅಚ್ಚಿನಲ್ಲಿ ಆ ಗೀರನ್ನ ಉಜ್ಜಿ ತೆಗೀತಾರೆ, ಒಂದರ ಮುಂಭಾಗಕ್ಕೆ ಇನ್ನೊಂದರ ಹಿಂಭಾಗ ಸೇರಿಸ್ತಾರೆ. ಕಳೆದ ಕೆಲವು ದಶಕಗಳಲ್ಲಿ ಬಲ್ಗೇರಿಯಾ ಕಡೆಯಿಂದ ಬಂದ ಅಚ್ಚೊತ್ತಿದ ನಕಲಿಗಳು ಅನುಭವಸ್ಥ ಡೀಲರುಗಳನ್ನೂ ಯಾಮಾರಿಸಿವೆ.

ಎರಕ ಹೊಯ್ದ ನಕಲಿ ಅಷ್ಟು ಕಷ್ಟ ಅಲ್ಲ. ಅಚ್ಚೊತ್ತಿದ ನಾಣ್ಯದಲ್ಲಿ ಅಕ್ಷರ ನಾಣ್ಯದ ಸಮತಟ್ಟು ನೆಲದಿಂದ ಕಡಿದಾಗಿ ಎದ್ದಿರುತ್ತೆ, ಏಟಿಗೆ ಲೋಹ ಹೊರಗಡೆಗೆ ಹರಿದ ಸಣ್ಣ ಗೆರೆಗಳು ಅಂಚಿನ ಕಡೆ ಕಾಣುತ್ತೆ. ಎರಕದ್ದರಲ್ಲಿ ಎಲ್ಲಾ ಮೆತ್ತಗೆ, ಬಳಸಿ ಬಳಸಿ ಕರಗಿದ ಸೋಪಿನ ಮೇಲಿನ ಅಕ್ಷರದ ಹಾಗೆ, ನೆಲದ ತುಂಬ ಗಾಳಿಗುಳ್ಳೆಯ ಸಣ್ಣ ಸಣ್ಣ ಚುಕ್ಕಿ, ಅಂಚಿನ ಸುತ್ತ ಎರಡು ಅರ್ಧ ಸೇರಿದ ಗೆರೆ, ಇಲ್ಲಾಂದ್ರೆ ಆ ಗೆರೆ ಮುಚ್ಚೋಕೆ ಅರ ಹಾಕಿ ಉಜ್ಜಿದ ಗುರುತು. ಅದಕ್ಕೇ ಅಂಚಿನ ಫೋಟೋ ಕೇಳಿ ಅಂತ ಬಡ್ಕೊಳ್ಳೋದು. ಕೇಳಿದ್ರೆ ಕೊಡಲ್ಲ, ಸತಾಯಿಸ್ತಾನೆ ಅಂದ್ರೆ ಅದೂ ಒಂದು ಉತ್ತರಾನೇ. ಹಂಗಂತ ಎರಕ ಅಂದ್ರೆಲ್ಲಾ ನಕಲಿ ಅಂತ ತಿಳ್ಕೋಬೇಡಿ, ಗಣರಾಜ್ಯದ ಆರಂಭದ ಕಾಲದ ದಪ್ಪ ದಪ್ಪ ಕಂಚಿನ ಈಸ್ ಗ್ರಾವೆ ನಾಣ್ಯಗಳನ್ನ ರೋಮನ್ನರೇ ಎರಕ ಹೊಯ್ದು ಮಾಡಿದ್ದು.

ತೂಕದ ಬಗ್ಗೆ ಜಾಸ್ತಿ ಹೇಳೋದಿಲ್ಲ. ಮೊದಲ ಚಕ್ರವರ್ತಿ ಆಗಸ್ಟಸ್ ಕಾಲದ ಡೆನಾರಿಯಸ್, ಅಂದ್ರೆ ರೋಮನ್ನರ ಬೆಳ್ಳಿ ನಾಣ್ಯ, ನಾಲ್ಕು ಗ್ರಾಂಗೆ ಸ್ವಲ್ಪ ಕಮ್ಮಿ, ಕ್ರಿ.ಶ. 64ರಲ್ಲಿ ಚಕ್ರವರ್ತಿ ನೀರೋ ತೂಕ ಇಳಿಸಿದ ಮೇಲೆ ಮೂರೂವರೆ ಗ್ರಾಂ ಒಳಗೆ, ಅಗಲ 18-19 ಮಿಲಿಮೀಟರ್ ಆಸುಪಾಸು. ಐದೂವರೆ ಗ್ರಾಂ ಡೆನಾರಿಯಸ್ ಅಂದ್ರೆ ಮುಂದಕ್ಕೆ ಹೋಗಿ. ತೂಕ ಸರಿ ಇದೆ ಅಂದ ಮಾತ್ರಕ್ಕೆ ಅಸಲಿ ಅಂತ ಕುಣೀಬೇಡಿ, ನಕಲಿ ಮಾಡೋನ ಹತ್ರಾನೂ ತಕ್ಕಡಿ ಇರುತ್ತೆ.

ಬರಹ ಓದೋದು ಕಲಿತ್ರೆ ಇನ್ನೊಂದು ಲಾಭ. ಚಕ್ರವರ್ತಿಗಳ ಬಿರುದು, ಎಷ್ಟನೇ ಸಲ ಕಾನ್ಸುಲ್ (ರೋಮ್‌ನ ಒಂದು ದೊಡ್ಡ ಅಧಿಕಾರದ ಹುದ್ದೆ) ಆಗಿದ್ದ ಅನ್ನೋದು ನಾಣ್ಯದ ಮೇಲೇ ಇರುತ್ತೆ, ಅದರಿಂದ ವರ್ಷ ಹಿಡೀಬಹುದು. ಚಕ್ರವರ್ತಿ ಟ್ರಾಜನ್‌ಗೆ ಡೇಸಿಕಸ್ ಅನ್ನೋ ಬಿರುದು ಬಂದಿದ್ದು ಕ್ರಿ.ಶ. 102ರಲ್ಲಿ, ಡೇಸಿಯಾ (ಈಗಿನ ರೊಮೇನಿಯಾ ಕಡೆ) ಮೇಲಿನ ಮೊದಲ ಯುದ್ಧ ಗೆದ್ದ ಮೇಲೆ. ಅವನು ಎರಡನೇ ಸಲ ಕಾನ್ಸುಲ್ ಆಗಿದ್ದು 98ರಲ್ಲಿ, 102ರ ಹೊತ್ತಿಗೆ ಆ ಲೆಕ್ಕ ಎರಡನ್ನ ದಾಟಿತ್ತು. ಎರಡೂ ಒಂದೇ ನಾಣ್ಯದ ಮೇಲಿದ್ರೆ ಕೆತ್ತಿದೋನಿಗೆ ಇತಿಹಾಸ ಬರಲ್ಲ ಅಂತ ಅರ್ಥ. ಓಥೋ ಕಥೆ ಇನ್ನೂ ಮಜಾ ಇದೆ. 69ರಲ್ಲಿ ಬರೀ ಮೂರು ತಿಂಗಳು ಆಳಿದ ಮನುಷ್ಯ, ರೋಮ್ ಟಂಕಸಾಲೆ ಅವನ ಹೆಸರಲ್ಲಿ ಬೆಳ್ಳಿ ಚಿನ್ನ ಹೊಡೀತು, ಕಂಚು ಹೊಡೀಲೇ ಇಲ್ಲ. ಆದ್ರೆ ಹನ್ನೆರಡು ಸೀಸರುಗಳ (ಜೂಲಿಯಸ್ ಸೀಸರ್‌ನಿಂದ ಶುರುವಾಗೋ ಮೊದಲ ಹನ್ನೆರಡು ರೋಮನ್ ಅರಸರು) ದೊಡ್ಡ ಕಂಚಿನ ಸೆಟ್ ಪೂರ್ತಿ ಮಾಡ್ಬೇಕು ಅನ್ನೋ ಶ್ರೀಮಂತರ ಚಪಲಕ್ಕೆ ಈ ಜಾಗ ಖಾಲಿ ಉಳೀತಿತ್ತಲ್ಲ, ಅದನ್ನ ತುಂಬೋಕೆ ಓಥೋನ ನಕಲಿ ಸೆಸ್ಟರ್ಷಿಯಸ್‌ಗಳು (ದೊಡ್ಡ ಕಂಚಿನ ನಾಣ್ಯ) ಹುಟ್ಟಿಕೊಂಡ್ವು. 16ನೇ ಶತಮಾನದಲ್ಲಿ ಇಟಲಿಯ ಪಾದುವಾ ಊರಿನ ಜೊವಾನ್ನಿ ದ ಕವೀನೊ ರೋಮನ್ ಮಾದರಿಯಲ್ಲಿ ಅದ್ಭುತವಾದ ತುಣುಕುಗಳನ್ನ ಮಾಡಿದ, ಅವನು ಮೋಸಕ್ಕೆ ಮಾಡಿದ್ನೋ ಕಲೆಗೆ ಮಾಡಿದ್ನೋ ಅನ್ನೋ ಚರ್ಚೆ ಇದೆ, ಆದ್ರೆ ಅದರಿಂದ ತೆಗೆದ ಎರಕದ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಹರಾಜಿಗೆ ಬರ್ತಾನೇ ಇವೆ. ಜರ್ಮನಿಯ ಬೆಕರ್, 1830ರಲ್ಲಿ ಸತ್ತೋನು, ಹೊಸದಾಗಿ ಹೊಡೆದ ನಾಣ್ಯಗಳನ್ನ ಜಿಡ್ಡು, ಕಬ್ಬಿಣದ ಪುಡಿ ಜೊತೆ ಡಬ್ಬೀಲಿ ಹಾಕಿ ಸಾರೋಟಿಗೆ ಕಟ್ಟಿ ಸುತ್ತಾಡಿಸಿ ಹಳೇದು ಮಾಡ್ತಿದ್ದ ಅಂತ ಕಥೆ ಇದೆ. ಈ ಧಂದೆ ಇಂಟರ್ನೆಟ್ ಬಂದ್ಮೇಲೆ ಶುರುವಾಗಿದ್ದಲ್ಲ ಅಂತ ಹೇಳೋಕೆ ಇಷ್ಟು ಬರೆದೆ.

ಕಂಚಿನ ನಾಣ್ಯದ ಹಸಿರು ಕಿಲುಬಿಗೆ ಮರುಳಾಗೋರು ತುಂಬಾ ಜನ. ನಿಜವಾದ ಕಿಲುಬು ಲೋಹದಿಂದಲೇ ಪದರ ಪದರವಾಗಿ ಬೆಳೆದಿರುತ್ತೆ. ಹಚ್ಚಿದ ಬಣ್ಣ ಆದ್ರೆ ಗುಂಡಿಗಳಲ್ಲಿ ನಿಂತಿರುತ್ತೆ, ಅಸಿಟೋನ್‌ನಲ್ಲಿ ಅದ್ದಿದ್ರೆ ಎಷ್ಟೋ ಸಲ ಕರಗಿ ಬರುತ್ತೆ. ಇದಕ್ಕಿಂತ ನನಗೆ ಕಾಟ ಅನ್ಸೋದು ಟೂಲಿಂಗ್. ನಾಣ್ಯ ಅಸಲಿ, ಆದ್ರೆ ಸವೆದ ಕೂದಲು, ಬಟ್ಟೆಯ ಮಡಿಕೆ ಎಲ್ಲಾ ಈಗಿನ ಕಾಲದೋನು ಉಳಿ ಹಿಡಿದು ಮತ್ತೆ ಕೆತ್ತಿರ್ತಾನೆ. ದೊಡ್ಡ ಸೆಸ್ಟರ್ಷಿಯಸ್‌ಗಳಲ್ಲಿ ಇದು ಎಷ್ಟು ಸಾಮಾನ್ಯ ಅಂದ್ರೆ ಮುಖ ಸವೆದು ಕಿರೀಟದ ಎಲೆಗಳು ಮಾತ್ರ ಚೂಪಾಗಿದ್ರೆ ಮೊದಲು ಅನುಮಾನಾನೇ ಬರ್ಬೇಕು. ಕೆಲವರು ಇದನ್ನ "ರಿಪೇರಿ" ಅಂತಾರೆ, ನಾನು ಅದನ್ನೂ ನಕಲಿ ಲೆಕ್ಕಕ್ಕೇ ಹಾಕ್ತೀನಿ, ಜಗಳ ಮಾಡೋರು ಕಾಮೆಂಟಲ್ಲಿ ಮಾಡಿ.

ಇನ್ನು ರೋಮನ್ ಕಾಲದಲ್ಲೇ ಆದ ನಕಲಿ, ತಾಮ್ರದ ಮೇಲೆ ಬೆಳ್ಳಿ ಹೊದಿಸಿದ ಡೆನಾರಿಯಸ್, ಅದರ ಮೇಲೆ ನನಗೆ ಪ್ರೀತಿ ಇದೆ. ಆ ಕಾಲದ ಲೇವಾದೇವಿಯೋರು ಅನುಮಾನ ಬಂದ್ರೆ ನಾಣ್ಯದ ಮೇಲೆ ಸಣ್ಣ ಗುರುತು ಕುಟ್ಟಿ, ಇಲ್ಲಾ ಉಳಿ ಏಟು ಹಾಕಿ ಒಳಗೆ ತಾಮ್ರ ಇದ್ಯಾ ನೋಡ್ತಿದ್ರು, ಆ ಗಾಯ ಇವತ್ತಿಗೂ ನಾಣ್ಯಗಳ ಮೇಲಿದೆ. ಆದ್ರೆ ಅಂಚಲ್ಲಿ ತಾಮ್ರ ಕಾಣ್ತಿದೆ, ಹಂಗಾದ್ರೆ ಹಳೇ ಕಾಲದ್ದೇ ಅಂತ ಖುಷಿ ಪಡ್ಬೇಡಿ, ತಾಮ್ರಕ್ಕೆ ಬೆಳ್ಳಿ ಲೇಪ ಹಾಕೋದು ಈಗಲೂ ಬರುತ್ತೆ.

ಸರ್ಟಿಫಿಕೇಟ್ ಇದೆಯಲ್ಲ ಅಂತೀರಾ? ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿ ಬರೋದೂ ನಕಲಿ ಆಗುತ್ತೆ, ಡಬ್ಬಿ ಮೇಲಿನ ನಂಬರನ್ನ ಗ್ರೇಡಿಂಗ್ ಕಂಪನಿಯ (ನಾಣ್ಯ ಪರೀಕ್ಷಿಸಿ ಸೀಲ್ ಮಾಡೋ ಸಂಸ್ಥೆ) ಸೈಟಲ್ಲಿ ಹಾಕಿ ಫೋಟೋ ತಾಳೆ ನೋಡಿ. ಕಾಗದಪತ್ರದ ಕಥೆಗೆ "ಈದ್ ಮಾರ್" (ಲ್ಯಾಟಿನ್‌ನಲ್ಲಿ ಮಾರ್ಚ್ 15, ಸೀಸರ್ ಕೊಲೆಯಾದ ದಿನ) ಅಂತ ಬರೆದಿರೋ ಚಿನ್ನದ ನಾಣ್ಯಾನೇ ಸಾಕು. ಸೀಸರ್‌ನ ಕೊಂದ ಮೇಲೆ ಕ್ರಿ.ಪೂ. 42ರಲ್ಲಿ ಬ್ರೂಟಸ್ ಹೊಡೆಸಿದ್ದು, ಹಿಂಭಾಗದಲ್ಲಿ ಎರಡು ಕಠಾರಿ ಮಧ್ಯ ಒಂದು ಟೋಪಿ. 2020ರಲ್ಲಿ ಲಂಡನ್ ಹರಾಜಲ್ಲಿ 32 ಲಕ್ಷ ಪೌಂಡಿಗೂ ಜಾಸ್ತಿಗೆ ಹೋಯ್ತು. ಆಮೇಲೆ ಗೊತ್ತಾಯ್ತು, ಅದು ಯಾರ ಯಾರ ಸಂಗ್ರಹದಲ್ಲಿತ್ತು ಅಂತ ಕೊಟ್ಟಿದ್ದ ಹಳೇ ಇತಿಹಾಸ ಸುಳ್ಳು ಅಂತ, 2023ರಲ್ಲಿ ನಾಣ್ಯ ಗ್ರೀಸ್‌ಗೆ ವಾಪಸ್ ಹೋಯ್ತು. ನಾಣ್ಯ ಅಸಲಿ, ಕಾಗದ ನಕಲಿ. ಉಲ್ಟಾ ಕೇಸೂ ಇದೆ, ಗ್ಲಾಸ್ಗೋದ ಹಂಟೇರಿಯನ್ ಮ್ಯೂಸಿಯಮ್‌ನಲ್ಲಿರೋ ಸ್ಪಾನ್ಸಿಯನ್ ಅನ್ನೋ ರೋಮನ್ ಅರಸನದ್ದು ಅನ್ನಲಾದ ಚಿನ್ನದ ನಾಣ್ಯ. 1713ರಲ್ಲಿ ಟ್ರಾನ್ಸಿಲ್ವೇನಿಯಾದಲ್ಲಿ ಸಿಕ್ಕಿದ್ದು ಅಂತಾರೆ, ಎರಕದ್ದು, ಎಷ್ಟೋ ಕಾಲ ನಕಲಿ ಅಂತಾನೇ ಮೂಲೇಲಿತ್ತು. 2022ರಲ್ಲಿ ವಿಜ್ಞಾನಿಗಳು ಮೈಕ್ರೋಸ್ಕೋಪಲ್ಲಿ ಗೀರು, ಅಂಟಿದ ಮಣ್ಣು ನೋಡಿ ಅಸಲಿ ಅಂದ್ರು, ನಾಣ್ಯ ತಜ್ಞರಲ್ಲಿ ಬಹಳ ಜನ ಒಪ್ಪಲೇ ಇಲ್ಲ. ಕೈಯಲ್ಲಿಟ್ಕೊಂಡು ನೋಡಿದೋರಿಗೇ ಹಿಂಗೆ ಅಂದ್ಮೇಲೆ ನಾಲ್ಕು ಇಂಚಿನ ಸ್ಕ್ರೀನಲ್ಲಿ ನೋಡಿ ನೂರಕ್ಕೆ ನೂರು ಹೇಳ್ತೀನಿ ಅನ್ನೋನನ್ನ ನಾನಂತೂ ನಂಬಲ್ಲ.

ಶುರು ಮಾಡೋರು ನಾಲ್ಕನೇ ಶತಮಾನದ ಚಕ್ರವರ್ತಿ ಕಾನ್‌ಸ್ಟಂಟೈನ್ ಮನೆತನದ ಸಣ್ಣ ಕಂಚಿನ ನಾಣ್ಯಗಳಿಂದ ಶುರು ಮಾಡಿ. ಲೆಕ್ಕವಿಲ್ಲದಷ್ಟು ಹೊಡೆದಿದ್ದಾರೆ, ಅಗ್ಗ, ನಕಲಿ ಇಲ್ಲವೇ ಇಲ್ಲ ಅಂತಲ್ಲ, ಆದ್ರೆ ಮಾಡೋನಿಗೆ ಗಿಟ್ಟೋದು ಕಮ್ಮಿ. ಅಸಲಿ ನಾಣ್ಯ ಬೆರಳಿಗೆ ರೂಢಿ ಆಗ್ಬೇಕು ಮೊದಲು. ಪಾರ್ಸೆಲ್ ಬಂದ ತಕ್ಷಣ ಆಲ್ಬಮ್‌ಗೆ ಸೇರಿಸ್ಬೇಡಿ, ವಾಪಸ್ ಅವಧಿ ಮುಗಿಯೋದ್ರೊಳಗೆ ತೂಕ ಹಾಕಿ, ಲೆನ್ಸಲ್ಲಿ ಅಂಚು ನೋಡಿ, ನಿಮ್ಮದೇ ಫೋಟೋ ತೆಗೆದು ಮತ್ತೊಮ್ಮೆ ಜೋಡಿ ಹುಡುಕಿ. ನಕಲಿ ಅಂತಾದ್ರೆ ವಾಪಸ್ ಕಳಿಸಿ, ಆಗ್ಲಿಲ್ವಾ, ಮನೇಲೇ ಇಟ್ಕೊಳ್ಳಿ. ಕೆಲವರು ಅದನ್ನೇ "ನನಗೆ ಗೊತ್ತಿಲ್ಲ, ನೀವೇ ನೋಡ್ಕೊಳ್ಳಿ" ಅಂತ ಬರೆದು ಮತ್ತೆ ಹರಾಜಿಗೆ ಬಿಡ್ತಾರೆ, ಹೋದ ದುಡ್ಡು ಯಾರಾದ್ರೂ ಅಮಾಯಕನಿಂದ ವಸೂಲಾಗ್ಲಿ ಅಂತ. ಅವರು ನನಗೆ ನಕಲಿ ಮಾಡಿದೋನಿಗಿಂತ ಕಡೆಯಾಗಿ ಕಾಣ್ತಾರೆ, ಅವನಿಗೆ ಕೆತ್ತೋ ಕೆಲಸ ಆದ್ರೂ ಬರುತ್ತೆ.