ಸತ್ತೆಮ್ಮೆಗೆ ಹಾಲು ಜಾಸ್ತಿ

ಟೈಸನ್ ಸೋತು ಎಷ್ಟೋ ಕಾಲವಾಯಿತು. ನಮ್ಮ ಭಾವ ಮಾತ್ರ ಇನ್ನೂ ಒಪ್ಪಿಲ್ಲ.

2024ರ ನವೆಂಬರ್ ಬಾಕ್ಸಿಂಗ್ ಪಂದ್ಯದ ಮಾತು. ಟೆಕ್ಸಸ್‌ನಲ್ಲಿ ಶುಕ್ರವಾರ ರಾತ್ರಿ, ನಮಗೆ ಶನಿವಾರ ಬೆಳಿಗ್ಗೆ. 58 ವರ್ಷದ ಮೈಕ್ ಟೈಸನ್, ಎದುರಿಗೆ 27 ವರ್ಷದ ಯೂಟ್ಯೂಬ್ ಹುಡುಗ ಜೇಕ್ ಪಾಲ್. ನೆಟ್‌ಫ್ಲಿಕ್ಸ್ ಪರದೆಯ ಮೇಲೆ ಚಕ್ರ ಗಿರಗಿರ ತಿರುಗುತ್ತಿತ್ತು. ರಿಂಗ್‌ನಲ್ಲಿದ್ದ ಟೈಸನ್‌ಗಿಂತ ಆ ಚಕ್ರವೇ ಚುರುಕಾಗಿತ್ತು. ಒಟ್ಟು ಎಂಟು ಸುತ್ತು, ಸುತ್ತಿಗೆ ಎರಡೇ ನಿಮಿಷ. ಅಷ್ಟರಲ್ಲಿ ಟೈಸನ್ ತಗುಲಿಸಿದ್ದು 18 ಗುದ್ದು. ನಮ್ಮ ಬೀದಿಗೆ ನೀರಿನ ಟ್ಯಾಂಕರ್ ಬಂದಾಗ ಇದಕ್ಕಿಂತ ಜಾಸ್ತಿ ಬೀಳುತ್ತವೆ.

ಪಂದ್ಯ ಮುಗಿಯಿತು. ಭಾವ ಕಾಫಿ ಲೋಟ ಕೆಳಗಿಟ್ಟು ತೀರ್ಪು ಕೊಟ್ಟರು: "ಪ್ರೈಮ್ ಟೈಸನ್ ಆಗಿದ್ದಿದ್ದರೆ ಇವನು ಮೂವತ್ತು ಸೆಕೆಂಡ್ ನಿಲ್ತಿರಲಿಲ್ಲ ಕಣಯ್ಯ."

ನಿಜ ಭಾವ. ಅವನಿಗೆ 58 ಆಗಿರದಿದ್ದರೆ 58 ಆಗಿರುತ್ತಿರಲಿಲ್ಲ.

ಈ ಪ್ರೈಮ್ ಅನ್ನುವುದು, ಅಂದರೆ ಆಟಗಾರನ ಉತ್ತುಂಗದ ಕಾಲ, ಯಾವಾಗ ಶುರುವಾಗಿ ಯಾವಾಗ ಮುಗಿಯಿತು ಅಂತ ನಾನು ಬಹಳ ಸಲ ವಿಚಾರಿಸಿದ್ದೇನೆ. 1986ರ ನವೆಂಬರ್‌ನಲ್ಲಿ ಟ್ರೆವರ್ ಬರ್ಬಿಕ್‌ನನ್ನು ಎರಡೇ ಸುತ್ತಿನಲ್ಲಿ ಮಲಗಿಸಿ, 20 ವರ್ಷಕ್ಕೇ ಹೆವಿವೇಟ್ ಚಾಂಪಿಯನ್ ಆದ. ಪ್ರೈಮ್. 1988ರಲ್ಲಿ ಮೈಕಲ್ ಸ್ಪಿಂಕ್ಸ್‌ನನ್ನು 91 ಸೆಕೆಂಡಿನಲ್ಲಿ ಮುಗಿಸಿದ. ಅದೂ ಪ್ರೈಮ್. 1990ರ ಫೆಬ್ರವರಿಯಲ್ಲಿ ಟೋಕಿಯೊದಲ್ಲಿ ಬಸ್ಟರ್ ಡಗ್ಲಸ್ ಕೈಲಿ ನಾಕೌಟ್ ಆದ. ಬಾಜಿ ಕಟ್ಟುವವರು ಡಗ್ಲಸ್‌ಗೆ 42ಕ್ಕೆ 1 ಅಂತ ದರ ಇಟ್ಟಿದ್ದ ಪಂದ್ಯ ಅದು. ಇದು? "ಅಯ್ಯೋ, ಅಷ್ಟು ಹೊತ್ತಿಗೆ ಪ್ರೈಮ್ ಮುಗಿದಿತ್ತು!"

ಆಗ ಟೈಸನ್‌ಗೆ 23 ವರ್ಷ. ಆ ವಯಸ್ಸಿಗೆ ನಮ್ಮ ಕಡೆ ಕೆಲವರ ಸಪ್ಲಿಮೆಂಟರಿ ಪರೀಕ್ಷೆಯೇ ಮುಗಿದಿರುವುದಿಲ್ಲ.

ಕಾರಣಗಳ ಮೂಟೆ ಭಾವನ ಹತ್ತಿರ ಸದಾ ಸಿದ್ಧ. ಗುರು ಕಸ್ ಡಮಾಟೊ ತೀರಿಕೊಂಡಿದ್ದರಂತೆ. ಹೌದು, ತೀರಿಕೊಂಡದ್ದು 1985ರಲ್ಲಿ. ಅಂದರೆ ಟೈಸನ್ ಪಟ್ಟ ಗೆಲ್ಲುವುದಕ್ಕೂ ಒಂದು ವರ್ಷ ಮೊದಲು. ಗುರು ಇಲ್ಲದಿದ್ದರೂ ಪಟ್ಟ ಬಂತು, ಗುರು ಇಲ್ಲದ್ದರಿಂದ ಪಟ್ಟ ಹೋಯಿತು. ಇದು ತರ್ಕವಲ್ಲ, ಭಕ್ತಿ. ಭಕ್ತಿಯ ಮುಂದೆ ಕ್ಯಾಲೆಂಡರ್ ಹಿಡಿದು ನಿಲ್ಲುವವನೇ ಪೆದ್ದ.

ಇನ್ನೊಂದು ಕಾರಣವನ್ನು ಭಾವ ತುಸು ಮೆಲ್ಲಗೆ ಹೇಳುತ್ತಾರೆ. "ಜೈಲಿಗೆ ಹೋಗಿ ಪಾಪ, ಒಳ್ಳೇ ವರ್ಷಗಳು ಹಾಳಾದವು." 1992ರಲ್ಲಿ ಅತ್ಯಾಚಾರದ ಅಪರಾಧ ಸಾಬೀತಾಗಿ ಜೈಲಿಗೆ ಹೋದವನ ಬಗ್ಗೆ ಈ ಮಾತು. ದೂರು ಕೊಟ್ಟ ಹುಡುಗಿಗೆ ಆಗ 18 ವರ್ಷ. ಅವಳ ಒಳ್ಳೇ ವರ್ಷಗಳು ಏನಾದವು ಅಂತ ಒಬ್ಬ ಅಭಿಮಾನಿಯೂ ಲೆಕ್ಕ ಹಾಕಿದ್ದು ನಾನು ಕೇಳಿಲ್ಲ.

ಹೋಗಲಿ. ಭಾವ ಒಬ್ಬರನ್ನೇ ಬೈದರೆ ಅನ್ಯಾಯವಾಗುತ್ತದೆ. ಸತ್ತ ಎಮ್ಮೆಗೆ ಹಾಲು ಜಾಸ್ತಿ ಅನ್ನುವ ಈ ಕಾಯಿಲೆ ದೊಡ್ಡ ಪಂಡಿತರನ್ನೇ ಬಿಟ್ಟಿಲ್ಲ. ನ್ಯಾಟ್ ಫ್ಲೈಷರ್ ಅಂತ ಒಬ್ಬರಿದ್ದರು. 1922ರಲ್ಲಿ 'ದಿ ರಿಂಗ್' ಪತ್ರಿಕೆ ಶುರುಮಾಡಿದವರು. ಬಾಕ್ಸಿಂಗ್ ಲೋಕಕ್ಕೆ ಅವರು ಹೇಳಿದ್ದೇ ವೇದ. ಸಾರ್ವಕಾಲಿಕ ಹೆವಿವೇಟ್‌ಗಳ ಪಟ್ಟಿಯನ್ನೂ ಮಾಡಿದರು. ಮೊದಲನೆಯವನು ಜ್ಯಾಕ್ ಜಾನ್ಸನ್. ಸರಿ, ಒಪ್ಪೋಣ. ಎರಡು ಜಿಮ್ ಜೆಫ್ರೀಸ್, ಮೂರು ಬಾಬ್ ಫಿಟ್ಜ್‌ಸಿಮನ್ಸ್, ಐದು ಜಿಮ್ ಕಾರ್ಬೆಟ್. (ನರಭಕ್ಷಕ ಹುಲಿ ಹೊಡೆದ ಕಾರ್ಬೆಟ್ ಅಲ್ಲ, ಇವನು ಬೇರೆ. ಆ ಕಾರ್ಬೆಟ್‌ನನ್ನೂ ಸೇರಿಸಿದ್ದರೆ ಪಟ್ಟಿಗೆ ಇನ್ನಷ್ಟು ತೂಕ ಬರುತ್ತಿತ್ತು.) ಸುಮಾರು ಹನ್ನೆರಡು ವರ್ಷ ಪಟ್ಟ ಬಿಡದೆ, 25 ಸಲ ಅದನ್ನು ಉಳಿಸಿಕೊಂಡ ಜೋ ಲೂಯಿಗೆ ಆರನೇ ಸ್ಥಾನ. ಮಹಮ್ಮದ್ ಅಲಿ? ಮೊದಲ ಹತ್ತರಲ್ಲಿ ಇಲ್ಲವೇ ಇಲ್ಲ.

ಫ್ಲೈಷರ್ ಹುಟ್ಟಿದ್ದು 1887ರಲ್ಲಿ. ಈಗ ಬೆರಳು ಮಡಚಿ. ಕಾರ್ಬೆಟ್ ಪಟ್ಟ ಗೆದ್ದಾಗ ಇವರಿಗೆ ನಾಲ್ಕು ವರ್ಷ, ಫಿಟ್ಜ್‌ಸಿಮನ್ಸ್ ಗೆದ್ದಾಗ ಒಂಬತ್ತು, ಜೆಫ್ರೀಸ್ ಗೆದ್ದಾಗ ಹನ್ನೊಂದು. ಜಗತ್ತಿನ ಅತಿ ಬಲಶಾಲಿ ಗಂಡಸರೆಲ್ಲ ಈ ಪುಣ್ಯಾತ್ಮರು ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದಾಗಲೇ ಆಗಿಹೋದರು. ಎಂಥ ಕಾಕತಾಳೀಯ, ಅಲ್ವಾ?

ಅದರಲ್ಲೂ ಫಿಟ್ಜ್‌ಸಿಮನ್ಸ್ ನನಗೆ ಬಹಳ ಇಷ್ಟ. ಕಮ್ಮಾರನ ಕೆಲಸ ಮಾಡಿ ಬಂದವನು. ಒಳ್ಳೇ ಭುಜ, ಒಳ್ಳೇ ಗುದ್ದು, ಕಡ್ಡಿಯಂಥ ಕಾಲು. 1897ರಲ್ಲಿ ಹೆವಿವೇಟ್ ಪಟ್ಟ ಗೆದ್ದ ದಿನ ಅವನ ತೂಕ 167 ಪೌಂಡ್, ಅಂದರೆ 76 ಕಿಲೊ. ಇವತ್ತು ಹೆವಿವೇಟ್ ಅನ್ನಿಸಿಕೊಳ್ಳಲು 200 ಪೌಂಡ್ ದಾಟಬೇಕು. 2024ರ ಮೇ ತಿಂಗಳಲ್ಲಿ ಉಸಿಕ್ ಅನ್ನುವ ಬಾಕ್ಸರ್ ಎದುರು ನಿಂತ ಟೈಸನ್ ಫ್ಯೂರಿಯ (ಇವನು ಬೇರೆ ಟೈಸನ್) ತೂಕ ಸುಮಾರು 119 ಕಿಲೊ. ಫಿಟ್ಜ್‌ಸಿಮನ್ಸ್‌ಗೂ ಇವನಿಗೂ ಹತ್ತಿರ ಹತ್ತಿರ ಒಂದು ಮೂಟೆ ಅಕ್ಕಿಯಷ್ಟು ಅಂತರ. ಆದರೆ ಪಟ್ಟಿ ಮಾಡುವವರಿಗೆ ತಕ್ಕಡಿ ಕಾಣುವುದಿಲ್ಲ. ಅವರಿಗೆ ಕಾಣುವುದು ಅಪ್ಪನ ಹೆಗಲ ಮೇಲೆ ಕೂತು ಕೇಳಿದ ಕಥೆ.

ಫ್ಲೈಷರ್ ಕೆಟ್ಟವರಲ್ಲ. ವಿಯೆಟ್ನಾಂ ಯುದ್ಧಕ್ಕೆ ಹೋಗುವುದಿಲ್ಲ ಅಂದದ್ದಕ್ಕೆ 1967ರಲ್ಲಿ ಅಲಿಯ ಪಟ್ಟ ಕಿತ್ತುಕೊಂಡಾಗ, ಅದನ್ನು ಒಪ್ಪದೆ ನಿಂತದ್ದು ಅವರ ಪತ್ರಿಕೆಯೇ. ಪಟ್ಟ ಅಲಿಯದ್ದೇ, ಆದರೆ ಅಲಿ ಹತ್ತರಲ್ಲಿ ಒಬ್ಬನಲ್ಲ. ನ್ಯಾಯ ಬೇರೆ, ಬಾಲ್ಯ ಬೇರೆ.

ಇಂಥ ಪಕ್ಷಪಾತ ಬೇಡ ಅಂತಲೇ ಅಮೆರಿಕದಲ್ಲಿ ಒಬ್ಬ ಜಾಣ ಕಂಪ್ಯೂಟರನ್ನು ಕರೆದುಕೊಂಡು ಬಂದ. ಈ ಕಥೆಯನ್ನು ನಾನು ಎಷ್ಟು ಸಲ ಹೇಳಿದರೂ ನನಗೇ ಬೇಜಾರಾಗುವುದಿಲ್ಲ. ಮಯಾಮಿಯ ಮರ್ರಿ ವರೋನರ್ ಅವನ ಹೆಸರು. 1967ರಲ್ಲಿ ಹಳೆಯ ಚಾಂಪಿಯನ್‌ಗಳ ಲೆಕ್ಕವನ್ನೆಲ್ಲ ಯಂತ್ರಕ್ಕೆ ತಿನ್ನಿಸಿ, ಅದು ಕಕ್ಕಿದ್ದನ್ನು ರೇಡಿಯೊದಲ್ಲಿ ನಿಜವಾದ ಪಂದ್ಯದ ಹಾಗೆ ಓದಿಸಿದ. ಅಲಿಗೆ ಯಾರ ಕೈಲಿ ಸೋಲು ಗೊತ್ತಾ? ಜಿಮ್ ಜೆಫ್ರೀಸ್ ಕೈಲಿ.

ಈ ಜೆಫ್ರೀಸ್ ಯಾರು ಅಂತ ಒಂದು ಮಾತು. ಚಾಂಪಿಯನ್ ಆಗಿದ್ದಾಗ ಕರಿಯರಿಗೆ ಪಟ್ಟದ ಪಂದ್ಯ ಕೊಡುವುದಿಲ್ಲ ಅಂದವನು. ಆಮೇಲೆ ನಿವೃತ್ತನಾಗಿ ದಪ್ಪಗಾಗಿ ಕೂತಿದ್ದ. ಕರಿಯನಾದ ಜಾನ್ಸನ್ ಪಟ್ಟ ಗೆದ್ದದ್ದನ್ನು ಸಹಿಸದ ಬಿಳಿಯರು ಇವನನ್ನು ಎಬ್ಬಿಸಿ, ಬೊಜ್ಜು ಕರಗಿಸಿ, 1910ರ ಜುಲೈ 4ರಂದು ರೀನೊ ಊರಿನಲ್ಲಿ ರಿಂಗ್‌ಗೆ ತಳ್ಳಿದರು. ಜಾನ್ಸನ್ 15ನೇ ಸುತ್ತಿನಲ್ಲಿ ಮಲಗಿಸಿದ. ಆ ರಾತ್ರಿ ಹಲವು ಊರುಗಳಲ್ಲಿ ಗಲಭೆಯಾಗಿ ಜನ ಸತ್ತರು. ಪಂದ್ಯದ ಫಿಲ್ಮನ್ನೂ ಎಷ್ಟೋ ಕಡೆ ತೋರಿಸಲು ಬಿಡಲಿಲ್ಲ. ಹಾಗೆ ರಿಂಗ್‌ನಲ್ಲಿ ಆಗದ ಕೆಲಸವನ್ನು 57 ವರ್ಷದ ಮೇಲೆ ಒಂದು ಕಬ್ಬಿಣದ ಪೆಟ್ಟಿಗೆ ಸದ್ದಿಲ್ಲದೆ ಮಾಡಿಕೊಟ್ಟಿತು.

ಅಲಿ ಸುಮ್ಮನಿರುವ ಪೈಕಿಯೇ? ಹತ್ತು ಲಕ್ಷ ಡಾಲರ್ ಮಾನನಷ್ಟದ ದಾವೆ ಹೂಡಿದ. ರಾಜಿಯಾಗಿ, ಕೊನೆಗೆ ಅದೇ ವರೋನರ್ ಜತೆ ಸಿನಿಮಾಕ್ಕೆ ಒಪ್ಪಿಕೊಂಡ. ಅಲಿಗೆ ಆಗ ಬಾಕ್ಸಿಂಗ್ ನಿಷೇಧ, ಕೈಯಲ್ಲಿ ಕಾಸಿಲ್ಲ. ಎದುರಾಳಿ ರಾಕಿ ಮಾರ್ಸಿಯಾನೊ, 49 ಪಂದ್ಯಗಳಲ್ಲಿ 49 ಗೆಲುವು, ನಿವೃತ್ತನಾಗಿ 13 ವರ್ಷ ಕಳೆದಿತ್ತು. 45 ವಯಸ್ಸಿನ ರಾಕಿ ತೂಕ ಇಳಿಸಿ, ತಲೆಗೆ ವಿಗ್ ಸಿಕ್ಕಿಸಿಕೊಂಡು ಬಂದ. ಇಬ್ಬರೂ ಮಯಾಮಿಯ ಸ್ಟುಡಿಯೊದಲ್ಲಿ ಸುಳ್ಳು ಗುದ್ದು ಗುದ್ದಿಕೊಂಡರು, ಸುಳ್ಳು ರಕ್ತ ಹರಿಸಿದರು. ಕೊನೆ ಏನಾಗಬಹುದೋ ಅಷ್ಟೂ ಬಗೆಯಲ್ಲಿ ಚಿತ್ರೀಕರಣವಾಯಿತು. ಅದಾಗಿ ಸುಮಾರು ಮೂರು ವಾರಕ್ಕೇ ರಾಕಿ ವಿಮಾನ ಅಪಘಾತದಲ್ಲಿ ಹೋಗಿಬಿಟ್ಟ.

1970ರ ಜನವರಿ 20ರಂದು ಒಂದೇ ರಾತ್ರಿ ಚಿತ್ರಮಂದಿರಗಳಲ್ಲಿ ಪ್ರದರ್ಶನ. ಅಮೆರಿಕದ ಪ್ರೇಕ್ಷಕರಿಗೆ ತೋರಿಸಿದ ಕೊನೆಯಲ್ಲಿ ರಾಕಿ 13ನೇ ಸುತ್ತಿನಲ್ಲಿ ಅಲಿಯನ್ನು ನಾಕೌಟ್ ಮಾಡಿದ. ಯುರೋಪಿಗೆ ಹೋದ ರೀಲಿನಲ್ಲಿ ಅಲಿಯೇ ಗೆದ್ದ. ಒಂದೇ ಕಂಪ್ಯೂಟರ್, ಒಂದೇ ಲೆಕ್ಕ, ಗಿರಾಕಿಗೆ ತಕ್ಕ ಉತ್ತರ. ಆ ಕಂಪ್ಯೂಟರ್ ಅಲಬಾಮಾದಲ್ಲಿ ತಯಾರಾದದ್ದು ಅಂತ ಅಲಿ ನಕ್ಕ. ಕರಿಯರನ್ನು ಬಸ್ಸಿನ ಹಿಂದಿನ ಸೀಟಿಗೆ ಕಳಿಸುತ್ತಿದ್ದ ರಾಜ್ಯ ಅಲಬಾಮಾ. ಈಗ ಕೃತಕ ಬುದ್ಧಿಮತ್ತೆಯನ್ನು ಕೇಳಿ ಟೈಸನ್‌ನನ್ನೂ ಅಲಿಯನ್ನೂ ಹೊಡೆದಾಡಿಸುವ ಹುಡುಗರಿಗೆ, ತಮ್ಮ ಆಟದ ಮುತ್ತಾತ ಈ ವಿಗ್ ಹಾಕಿದ ರಾಕಿ ಅಂತ ಗೊತ್ತಿಲ್ಲ.

ನಾನೇನು ಸಾಚಾ ಅಲ್ಲ. ನನ್ನ ಕಾಯಿಲೆಯ ಹೆಸರು ಎಪ್ಪತ್ತರ ದಶಕ. ಅಲಿ, ಫ್ರೇಜಿಯರ್, ಫೋರ್‌ಮನ್, ನಾರ್ಟನ್. ಅವರು ಹೊಡೆದಾಡಿದ ಕಿನ್ಶಾಸಾ, ಮನಿಲಾ. ಆ ಹೆಸರುಗಳನ್ನು ಹೇಳುವಾಗ ನನ್ನ ದನಿಯೇ ಬದಲಾಗುತ್ತದೆ ಅಂತ ಮನೆಯವರು ಹೇಳುತ್ತಾರೆ. ಅದೇ ದಶಕದಲ್ಲಿ ಅಲಿ ಬೆಲ್ಜಿಯಂನ ಜಾನ್ ಪಿಯರ್ ಕೂಪ್‌ಮನ್ ಅನ್ನುವವನ ಜತೆಯೂ ಪಟ್ಟಕ್ಕೆ ಆಡಿದ್ದ. ಅವನನ್ನು ನಾನು ನೆನಪಿಸಿಕೊಳ್ಳುವುದಿಲ್ಲ. 1976ರಲ್ಲಿ ಟೋಕಿಯೊದಲ್ಲಿ ಕುಸ್ತಿಪಟು ಇನೋಕಿ ಎದುರು 15 ಸುತ್ತು. ಇನೋಕಿ ಹೆಚ್ಚು ಹೊತ್ತು ಅಂಗಾತ ಮಲಗಿಕೊಂಡೇ ಅಲಿಯ ಕಾಲಿಗೆ ಒದೆಯುತ್ತಿದ್ದ. ಅಲಿ ಸುತ್ತ ತಿರುಗುತ್ತಾ ಎದ್ದೇಳೋ ಎದ್ದೇಳೋ ಅಂತ ಕೂಗುತ್ತಿದ್ದ. ಬೆಳಿಗ್ಗೆ ಮಗನನ್ನು ಸ್ಕೂಲಿಗೆ ಎಬ್ಬಿಸುವ ಅಪ್ಪನ ಹಾಗೆ. ಸುವರ್ಣಯುಗದ ಆಲ್ಬಮ್ಮಿನಲ್ಲಿ ಈ ಫೋಟೊ ಅಂಟಿಸಿದವರನ್ನು ನಾನು ನೋಡಿಲ್ಲ.

ಸುವರ್ಣಯುಗದವರ ಇನ್ನೊಂದು ಮೆಚ್ಚಿನ ಮಾತಿದೆ. "ಆಗ 15 ಸುತ್ತು ಆಡುತ್ತಿದ್ದರು. ಈಗಿನವರಿಗೆ 12ಕ್ಕೇ ಉಸಿರು." ಹೇಳುವವರು ಸೋಫಾದ ಮೇಲೆ ಕೂತಿರುತ್ತಾರೆ. 15 ಯಾಕೆ 12 ಆಯಿತು ಅಂತ ಕೇಳಿ. 1982ರ ನವೆಂಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಕೊರಿಯಾದ ಹುಡುಗ ಕಿಮ್ ಡುಕ್ ಕೂ 14ನೇ ಸುತ್ತಿನಲ್ಲಿ ಬಿದ್ದ. ಮಿದುಳಿನಲ್ಲಿ ರಕ್ತಸ್ರಾವ. ಕೆಲವೇ ದಿನದಲ್ಲಿ ಸತ್ತ. ಅವನು ಹೆವಿವೇಟ್ ಕೂಡ ಅಲ್ಲ. ಅದಾದ ಮೇಲೆ ಸುತ್ತು ಕಡಿಮೆ ಮಾಡಿದರು. ಆ ಮೂರು ಸುತ್ತು ವಾಪಸ್ ಬೇಕಂತೆ ಇವರಿಗೆ. ಯಾರ ಮಗನ ತಲೆ ಕೊಟ್ಟು? ಎಪ್ಪತ್ತರ ದಶಕದ ಜೆರ್ರಿ ಕ್ವಾರಿ 53ಕ್ಕೇ ಸತ್ತ. ಸಾಯುವ ಹೊತ್ತಿಗೆ ಅವನಿಗೆ ಶರ್ಟ್ ಹಾಕಿಕೊಳ್ಳಲು ಕೂಡ ಬೇರೆಯವರು ಬೇಕಾಗಿತ್ತು. ನಾವು ಚಪ್ಪಾಳೆ ತಟ್ಟಿದ ಒಂದೊಂದು 'ಕ್ಲಾಸಿಕ್' ಗುದ್ದೂ ಯಾರದೋ ತಲೆಗೇ ಬಿದ್ದದ್ದು. ಹೇಳಿ ಹೇಳಿ ಸಾಕಾಗಿದೆ.

ಅಲಿಯೇ ನೋಡಿ. 1980ರ ಜನವರಿಯಲ್ಲಿ ದಿಲ್ಲಿಗೆ ಬಂದು ನಮ್ಮ ಕೌರ್ ಸಿಂಗ್ ಜತೆ ಪ್ರದರ್ಶನ ಪಂದ್ಯ ಆಡಿದ. ಆ ಅಕ್ಟೋಬರ್‌ನಲ್ಲಿ, 38ನೇ ವಯಸ್ಸಿನಲ್ಲಿ, ಲ್ಯಾರಿ ಹೋಮ್ಸ್ ಎದುರು ನಿಂತ. ಹತ್ತು ಸುತ್ತು ಸುಮ್ನೆ ಹೊಡೆಸಿಕೊಂಡ. ಹೊಡೆದು ಗೆದ್ದ ಹೋಮ್ಸ್ ಆಮೇಲೆ ಅತ್ತುಬಿಟ್ಟ. ಏಳು ವರ್ಷ ಪಟ್ಟ ಆಳಿದ, ಜಗತ್ತಿನ ಒಳ್ಳೊಳ್ಳೆ ಜ್ಯಾಬ್‌ಗಳಲ್ಲೊಂದು (ಮುಂಗೈಯಿಂದ ನೇರಕ್ಕೆ ಚುಚ್ಚುವ ಗುದ್ದು) ಕೈಲಿದ್ದ ಈ ಹೋಮ್ಸ್‌ನನ್ನು ಜನ ಇವತ್ತಿಗೂ ಪ್ರೀತಿಸಿಲ್ಲ. ಅವನು ಮಾಡಿದ ತಪ್ಪು ಎರಡು. ಅಲಿಯ ನಂತರ ಬಂದದ್ದು, ಅಲಿಯನ್ನು ಹೊಡೆದದ್ದು. ಅಲಿಯನ್ನು ಅವನು ಬಿಟ್ಟ ಹಳೆಯ ಹೆಸರಿನಲ್ಲಿ ಕ್ಲೇ ಅಂತಲೇ ಬರೆಯುತ್ತೇವೆ ಅಂತ ಹಟ ಹಿಡಿದಿದ್ದ ಅದೇ ದೇಶ, 1996ರಲ್ಲಿ ಅಟ್ಲಾಂಟಾದಲ್ಲಿ ಅವನ ನಡುಗುವ ಕೈ ಒಲಿಂಪಿಕ್ ಜ್ಯೋತಿ ಹಚ್ಚಿದಾಗ ಗಳಗಳ ಅತ್ತಿತು. ಬಾಯಿ ಜೋರಿದ್ದಾಗ ಬೇಡವಾಗಿದ್ದವನು, ಬಾಯಿ ನಿಂತ ಮೇಲೆ ಮನೆಮಗನಾದ.

ಫ್ರೇಜಿಯರ್ ಪಾಡು ಇನ್ನೂ ವಿಚಿತ್ರ. ಫಿಲಡೆಲ್ಫಿಯಾದ ಕಸಾಯಿಖಾನೆಯಲ್ಲಿ ದುಡಿದು, ಅಲ್ಲೇ ಮಾಂಸದ ತುಂಡಿಗೆ ಗುದ್ದಿ ಗುದ್ದಿ ಕೈ ಪಳಗಿಸಿಕೊಂಡೆ ಅಂತ ಅವನೇ ಹೇಳಿಕೊಂಡಿದ್ದ. ಆ ದೃಶ್ಯ 'ರಾಕಿ' ಅನ್ನುವ ಸಿನಿಮಾಕ್ಕೆ ಹೋಯಿತು. ಸಿನಿಮಾದ ಬಾಕ್ಸರ್‌ಗೆ ಆ ಊರಿನಲ್ಲಿ ಪ್ರತಿಮೆ ನಿಂತಿತು, ಪ್ರವಾಸಿಗರು ಸಾಲು ನಿಂತು ಫೋಟೊ ತೆಗೆಸಿಕೊಂಡರು. 1971ರಲ್ಲಿ ಅಲಿಯನ್ನು ನೆಲಕ್ಕೆ ಕೆಡವಿದ ನಿಜವಾದ ಫ್ರೇಜಿಯರ್‌ಗೆ ಪ್ರತಿಮೆ ಬಂದದ್ದು 2015ರಲ್ಲಿ. ಅವನು ಸತ್ತು ನಾಲ್ಕು ವರ್ಷವಾಗಿತ್ತು. ಅಲಿ ಅವನನ್ನು ಗೊರಿಲ್ಲ ಅಂದದ್ದು ನಮಗೆ ಇವತ್ತಿಗೂ ತಮಾಷೆ. ಫ್ರೇಜಿಯರ್‌ಗೆ ಒಂದು ದಿನವೂ ತಮಾಷೆ ಅನ್ನಿಸಲಿಲ್ಲ.

ಉಕ್ರೇನಿನ ಕ್ಲಿಚ್ಕೊ ಸಹೋದರರು ಪಟ್ಟ ಆಳಿದ ಕಾಲಕ್ಕೆ "ಹೆವಿವೇಟ್ ಸತ್ತೇಹೋಯಿತು" ಅಂತ ಅಮೆರಿಕ ಹಣೆ ಚಚ್ಚಿಕೊಂಡಿತ್ತು. ಅವರ ಪಂದ್ಯಗಳಿಗೆ ಜರ್ಮನಿಯಲ್ಲಿ ಫುಟ್‌ಬಾಲ್ ಸ್ಟೇಡಿಯಂಗಳು ತುಂಬುತ್ತಿದ್ದವು. ಇಬ್ಬರಲ್ಲಿ ಕಿರಿಯವನು ಒಂಬತ್ತೂವರೆ ವರ್ಷ ಒಂದೇ ಸಮನೆ ಪಟ್ಟ ಹಿಡಿದಿದ್ದ. ಬೋರು, ಯಂತ್ರದ ಹಾಗೆ ಆಡುತ್ತಾನೆ ಅಂದರು. ಇನ್ನು ಇಪ್ಪತ್ತು ವರ್ಷ ತಾಳಿ. ಆಗ ಅವನೂ ಕಲಾವಿದನಾಗುತ್ತಾನೆ.

ಮೊನ್ನೆ ಹಬ್ಬಕ್ಕೆ ಬಂದಿದ್ದ ಭಾವ ಮತ್ತೆ ಶುರು ಮಾಡಿದರು. ಪ್ರೈಮ್ ಟೈಸನ್ ಎದುರು ಅಲಿ ಮೂರು ಸುತ್ತು ನಿಲ್ಲುತ್ತಿರಲಿಲ್ಲವಂತೆ. ನಾನು ಫೋನ್ ತೆಗೆದು 1989ರ ಟಿವಿ ಕಾರ್ಯಕ್ರಮದ ತುಣುಕು ತೋರಿಸಿದೆ. ಆರ್ಸೆನಿಯೊ ಹಾಲ್ ಮುಂದೆ ಅಲಿ, ಟೈಸನ್ ಇಬ್ಬರೂ ಕೂತಿದ್ದಾರೆ. ನೀವಿಬ್ಬರೂ ಆಡಿದ್ದರೆ ಯಾರು ಗೆಲ್ಲುತ್ತಿದ್ದರು ಅಂದರೆ, ಟೈಸನ್ ತಲೆ ಬಾಗಿಸಿ ಅಲಿಯೇ ಶ್ರೇಷ್ಠ ಅನ್ನುತ್ತಾನೆ. ಆಗಿನ್ನೂ ಅವನು ಡಗ್ಲಸ್ ಕೈಲಿ ಸೋತಿರಲಿಲ್ಲ. ಭಾವನ ಲೆಕ್ಕದಲ್ಲೇ ಅದು ಪ್ರೈಮ್ ಟೈಸನ್.

ಭಾವ ಎರಡು ಸಲ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಫೋನ್ ವಾಪಸ್ ಕೊಟ್ಟರು.

"ಅವನಿಗೇನು ಗೊತ್ತು ಬಿಡಯ್ಯ," ಅಂದರು.