'ರಿಸಲ್ಟ್ ವಾಟ್ಸ್‌ಆ್ಯಪ್ ಮಾಡ್ಬಿಡಿ ಸರ್'

ನಿನ್ನೆ ಮೈಸೂರಿನ ಚಾಮುಂಡಿ ವಿಹಾರ ಕ್ರೀಡಾಂಗಣದಲ್ಲಿ ಅಕ್ಕನ ಮಗಳ ಓಟ ನೋಡಲು ಹೋಗಿದ್ದೆ. ಶಾಲಾ ಕ್ರೀಡಾಕೂಟ. ಇನ್ನೂ ಹೀಟ್ಸ್, ಅಂದರೆ ಫೈನಲ್‌ಗೆ ಮುಂಚಿನ ಓಟ, ನಡೆಯುತ್ತಿತ್ತು. ಪೇಪರಿನ ಹುಡುಗನೊಬ್ಬ ಬಂದ, ಗಣ್ಯರು ಬಲೂನು ಬಿಡುವ ಫೋಟೊ ತೆಗೆದ, ಪಿ.ಟಿ. ಮೇಷ್ಟ್ರಿಗೆ "ರಿಸಲ್ಟ್ ವಾಟ್ಸ್‌ಆ್ಯಪ್ ಮಾಡ್ಬಿಡಿ ಸರ್" ಎಂದು ಹೇಳಿ ಬೈಕ್ ಹತ್ತಿದ. ತಡೆಯಲಾಗದೆ ಕೇಳಿಯೇಬಿಟ್ಟೆ, ಎಲ್ಲಿಗಪ್ಪಾ ಇಷ್ಟು ಅರ್ಜೆಂಟು?

"ಪಾಲಿಕೆ ಮೀಟಿಂಗ್ ಇದೆ ಅಣ್ಣ. ಆಮೇಲೆ ಒಂದು ಪ್ರತಿಭಟನೆ. ಸ್ಪೋರ್ಟ್ಸ್‌ಗೆ ಅಂತ ಈಗ ಯಾರೂ ಇಲ್ಲ."

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ನಾನೂ ಪೇಪರಿನಲ್ಲಿ ಕ್ರೀಡಾ ವರದಿಗಾರನಾಗಿದ್ದವನೇ. ಅವನ ಸಂಬಳ ಎಷ್ಟಿರಬಹುದು ಅಂತ ಗೊತ್ತು, ಪೆಟ್ರೋಲ್ ಯಾರ ಜೇಬಿನಿಂದ ಅಂತಲೂ ಗೊತ್ತು. ಸಿಟ್ಟು ಇರುವುದು ಆ ಕೊನೆಯ ಮಾತಿನ ಮೇಲೆ. ಸ್ಪೋರ್ಟ್ಸ್‌ಗೆ ಯಾರೂ ಇಲ್ಲ. ಖರ್ಚು ಕಡಿಮೆ ಮಾಡಬೇಕು ಎಂದ ಕೂಡಲೇ ಎಲ್ಲರ ಕಣ್ಣು ಮೊದಲು ಬೀಳುವುದು ನಮ್ಮ ಸ್ಪೋರ್ಟ್ಸ್ ಡೆಸ್ಕಿನ ಮೇಲೆ. ಎರಡು ಪುಟ ಒಂದಾಗುತ್ತದೆ, ಒಂದು ಅರ್ಧವಾಗುತ್ತದೆ. ಉಳಿದದ್ದನ್ನು ಸುದ್ದಿ ಏಜೆನ್ಸಿಗಳು ಕಳಿಸುವ ಕಾಪಿ ತುಂಬಿಸುತ್ತದೆ. ಇಂಗ್ಲಿಷ್ ಪ್ರೀಮಿಯರ್ ಲೀಗ್ ಸುದ್ದಿ ಸಿಗುತ್ತದೆ, ನಂಜನಗೂಡಿನ ಕಬಡ್ಡಿ ಸುದ್ದಿ ಸಿಗುವುದಿಲ್ಲ.

"ಅಯ್ಯೋ ಮಾರಾಯ, ಎಲ್ಲ ಮೊಬೈಲ್‌ನಲ್ಲೇ ಸಿಗುತ್ತಲ್ಲ, ಪೇಪರ್ ಯಾರು ನೋಡ್ತಾರೆ?" ಅಂತ ಕಾಮೆಂಟ್ ಹಾಕುವವರು ಈಗಾಗಲೇ ಟೈಪ್ ಮಾಡುತ್ತಿರುತ್ತೀರಿ. ನಿಲ್ಲಿಸಿ. ಕೊಹ್ಲಿ ಸ್ಕೋರು ಮೊಬೈಲಿನಲ್ಲಿ ಸಿಗುತ್ತದೆ, ಒಪ್ಪಿದೆ. ನಿನ್ನೆಯ 400 ಮೀಟರ್ ಯಾರು ಗೆದ್ದರು ಅಂತ ಅದೇ ಮೊಬೈಲಿನಲ್ಲಿ ಹುಡುಕಿ ಹೇಳಿ ನೋಡೋಣ. ಮೇಷ್ಟ್ರು ಕಳಿಸಿದ ಪಟ್ಟಿಯಲ್ಲಿ ಹೆಸರು, ಶಾಲೆ, ಸ್ಥಾನ ಇರುತ್ತದೆ. ಆ ಹುಡುಗಿ ಬರಿಗಾಲಲ್ಲಿ ಓಡಿದಳು ಎಂಬುದು ಇರುವುದಿಲ್ಲ. ಹೋದ ವರ್ಷ ಕೊನೆಯವಳಾಗಿದ್ದಳು ಎಂಬುದೂ ಇರುವುದಿಲ್ಲ. ಅದಕ್ಕೆ ಒಬ್ಬ ಮನುಷ್ಯ ಅಲ್ಲಿ ಸಂಜೆಯವರೆಗೆ ಸುಮ್ನೆ ಕೂತಿರಬೇಕು.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಕೊಕ್ಕೊ ವಿಶ್ವಕಪ್ ನಡೆಯಿತಲ್ಲ, ಗೆದ್ದ ಭಾರತ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಕಪ್ ಬಂದ ಮೇಲೆ ಕ್ಯಾಮೆರಾಗಳು ಆ ಊರಿಗೆ ದಾರಿ ಕೇಳಿಕೊಂಡು ಹೋದವು. ಹಳ್ಳಿ ಮಕ್ಕಳ ಆಟ ಅದಕ್ಕಿಂತ ಎಷ್ಟೋ ವರ್ಷ ಮೊದಲು ಸಿಂಗಲ್ ಕಾಲಂನಲ್ಲಿ ಬರುತ್ತಿತ್ತು. ಅದನ್ನು ಬರೆಯುತ್ತಿದ್ದವರು ಕೆಂಪು ಬಸ್ಸು ಹತ್ತಿ ಹೋಗಿ, ರಾತ್ರಿ ವಾಪಸ್ ಬಂದು, ಎಡಿಷನ್ ಮುಗಿಯುವ ಹೊತ್ತಿಗೆ ಕಾಪಿ ಕೊಡುತ್ತಿದ್ದ ಅರೆಕಾಲಿಕ ವರದಿಗಾರರು. ಅವರನ್ನು ಮನೆಗೆ ಕಳಿಸಲು ನೋಟಿಸೂ ಬೇಕಿಲ್ಲ. ಫೋನ್ ಮಾಡುವುದು ನಿಲ್ಲಿಸಿದರೆ ಸಾಕು.

ನಮ್ಮಂಥ ಕಾಯಂ ನೌಕರರ ಕಥೆ ಸ್ವಲ್ಪ ಮರ್ಯಾದಸ್ಥ. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆಯಲ್ಲಿ ಕೆಲಸದಿಂದ ತೆಗೆಯುವ ಮುನ್ನ ಮೂರು ತಿಂಗಳ ನೋಟಿಸ್ ಕೊಡಬೇಕೆಂದಿತ್ತು. ನಾಲ್ಕು ವಾರಕ್ಕೆ 144 ಗಂಟೆಗಿಂತ ಜಾಸ್ತಿ ದುಡಿಸುವಂತಿಲ್ಲ ಎಂದೂ ಇತ್ತು. ಐಪಿಎಲ್ ತಿಂಗಳಲ್ಲಿ ಇದನ್ನು ಜೋಕು ಅಂತ ಹೇಳಿಕೊಂಡು ನಗುತ್ತಿದ್ದೆವು. ಪತ್ರಕರ್ತರ ಸಂಬಳ ಎಷ್ಟಿರಬೇಕೆಂದು ಹೇಳಿದ ಮಜೀಠಿಯಾ ವೇತನ ಮಂಡಳಿಯ ಶಿಫಾರಸನ್ನು 2014ರಲ್ಲಿ ಸುಪ್ರೀಂ ಕೋರ್ಟೇ ಎತ್ತಿಹಿಡಿಯಿತು. ಆದರೇನು, ಅಷ್ಟು ಹೊತ್ತಿಗೆ ಎಷ್ಟೋ ಜನ ಆ ಸಂಬಳ ಬಿಟ್ಟು ಕಾಂಟ್ರ್ಯಾಕ್ಟಿಗೆ ಸಹಿ ಹಾಕಿದ್ದರು. ಈಗ ಆ ಕಾಯ್ದೆಯೂ ಹೊಸ ಕಾರ್ಮಿಕ ಸಂಹಿತೆಗಳೊಳಗೆ ಸೇರಿಹೋಗಿದೆ. ನನ್ನನ್ನು ಯಾರೂ ತೆಗೆಯಲಿಲ್ಲ, ಗೊತ್ತಲ್ಲ? ಕೋವಿಡ್ ಸಮಯದಲ್ಲಿ ಎಚ್.ಆರ್. ಮೇಡಂ ಎದುರು ಕೂರಿಸಿ, ಕಾಫಿ ಕೊಟ್ಟು, "ವೈಯಕ್ತಿಕ ಕಾರಣಗಳಿಂದ" ಅಂತ ಹೇಳಿ ರಾಜೀನಾಮೆ ಬರೆಸಿಕೊಂಡರು. ಕಾಫಿ ಚೆನ್ನಾಗಿತ್ತು.

"ನ್ಯೂಯಾರ್ಕ್ ಟೈಮ್ಸೇ ಕ್ರೀಡಾ ವಿಭಾಗ ಮುಚ್ಚಿತು, ನಿಮ್ಮದೇನು" ಎಂದು ಹಳೆಯ ಸಹೋದ್ಯೋಗಿಯೊಬ್ಬ ಹೇಳಿದ. ಹೌದು, 2023ರಲ್ಲಿ ಮುಚ್ಚಿತು. ಆದರೆ ಅದು ಹಿಂದಿನ ವರ್ಷವೇ 55 ಕೋಟಿ ಡಾಲರ್ ಕೊಟ್ಟು 'ದಿ ಅಥ್ಲೆಟಿಕ್' ಎಂಬ ಕ್ರೀಡಾ ಸುದ್ದಿ ತಾಣವನ್ನು ಕೊಂಡಿತ್ತು. ವಿಭಾಗದವರಿಗೆ ಬೇರೆ ಡೆಸ್ಕುಗಳಲ್ಲಿ ಕೆಲಸ ಕೊಡುತ್ತೇವೆ ಎಂದಿತು. ಆದರೂ ಅಲ್ಲಿನ ಯೂನಿಯನ್ ವಿರೋಧಿಸಿ ದನಿ ಎತ್ತಿತು. ಇಲ್ಲಿ ನಾವು ಬೀಳ್ಕೊಡುಗೆಗೆ ಮೈಸೂರು ಪಾಕ್ ತಂದು ಹಂಚಿದೆವು.

ನ್ಯೂಸ್‌ಪ್ರಿಂಟ್ ದುಬಾರಿ, ಜಾಹೀರಾತು ಇಲ್ಲ, ಅದೂ ನಿಜ ಅನ್ನಿ. ಶಾಸಕರ ಹುಟ್ಟುಹಬ್ಬಕ್ಕೆ ನಾಲ್ಕು ಪುಟದ ಕಲರ್ ಪುರವಣಿ ಬಂದಾಗ ಮಾತ್ರ ಆ ನ್ಯೂಸ್‌ಪ್ರಿಂಟ್ ಎಲ್ಲಿಂದ ಉದುರುತ್ತದೋ.

2010ರ ರಣಜಿ ಫೈನಲ್ ಇಲ್ಲೇ ಗಂಗೋತ್ರಿ ಗ್ಲೇಡ್ಸ್‌ನಲ್ಲಿ ನಡೆಯಿತು. 338ರ ಗುರಿ, ಮನೀಷ್ ಪಾಂಡೆಯ 144, ಕರ್ನಾಟಕಕ್ಕೆ 6 ರನ್ ಸೋಲು. ಅವತ್ತು ಬರೆಯುವಾಗ ಕೈ ನಡುಗುತ್ತಿತ್ತು. ಈಗ ನಾನು ಕೋಚಿಂಗ್ ಸೆಂಟರಿಗೆ ಬ್ರೋಷರ್ ಬರೆಯುತ್ತೇನೆ. ಒಂದನೇ ತಾರೀಕಿಗೆ ಸಂಬಳ ಬರುತ್ತದೆ, ಭಾನುವಾರ ರಜೆ, ಬಿ.ಪಿ. ಇಳಿದಿದೆ. ಆದರೂ ರಾತ್ರಿ ಹತ್ತೂವರೆಯಾದರೆ, ಕಾಪಿ ಕೊಡುತ್ತಿದ್ದ ಹೊತ್ತಿಗೆ, ಹೊಟ್ಟೆಯಲ್ಲಿ ಏನೋ ತಳಮಳ. ಹೆಂಡತಿ ಗ್ಯಾಸ್ಟ್ರಿಕ್ ಅನ್ನುತ್ತಾಳೆ.

ದಸರಾ ಕುಸ್ತಿಗೆ ಜೋಡಿ ಕಟ್ಟುವ ದಿನ ಹತ್ತಿರ ಬರುತ್ತಿದೆ. ನಾನು ಹೋಗುತ್ತೇನೆ. ಯಾವ ಗರಡಿ, ಯಾರಿಗೆ ಯಾರು ಜೋಡಿ, ಎಲ್ಲ ಇಲ್ಲೇ ಬರೆದು ಹಾಕುತ್ತೇನೆ, ಬಿಟ್ಟಿಯಾಗಿ. ಪೇಪರಿನವರು ಬೇಕಾದರೆ ಎತ್ತಿಕೊಳ್ಳಲಿ, ಸುದ್ದಿಯ ಮೇಲೆ ನನ್ನ ಹೆಸರಿನ ಬೈಲೈನೂ ಬೇಡ. ನನ್ನ ಹಳೆಯ ಆಫೀಸಿನವರು ಇದನ್ನು ಓದುತ್ತಿದ್ದರೆ ಒಂದು ಮಾತು: ಗ್ರಾಚ್ಯುಟಿಯ ಬಾಕಿ ಇನ್ನೂ ಬಂದಿಲ್ಲ, ಅಕೌಂಟ್ ನಂಬರ್ ಹಳೆಯದೇ.